ನಿರೀಕ್ಷೆಯೊಳಗಣ ಈಕ್ಷಣ

ಸ್ಯಾನ್ ಫ್ರಾನ್ಸಿಸ್ಕೋ ನಗರದ ಪಡುವಣ ಅಂಚಿನಲ್ಲಿ, ಜುಲೈ ತಿಂಗಳಿನಲ್ಲಿಯೂ ಕಡಲ ಕಡೆಯಿಂದ ಮಂಜು ಎದ್ದುಬಂದು ಸಂಜೆಗೆ ಮುಂಚೆಯೇ ಬೀದಿಯನ್ನು ಮುಸುಕುವ ಬಡಾವಣೆಯೊಂದರ ಅಡಿಗೆಮನೆಯಲ್ಲಿ, ಒಬ್ಬ ಅಕ್ಕನಿಗೂ ಆಕೆಯ ತಮ್ಮನಿಗೂ ಈ ಸಂಭಾಷಣೆ ನಡೆಯಿತು. ಅಕ್ಕ ಮೈಸೂರು ಸೀಮೆಯ ಸರ್ಕಾರಿ ಆಸ್ಪತ್ರೆಗಳಲ್ಲಿ 30 ವರ್ಷಕ್ಕೂ ಮಿಗಿಲಾಗಿ ಸ್ತ್ರೀರೋಗಗಳ ವೈದ್ಯೆಯಾಗಿದ್ದು ನಿವೃತ್ತಳಾದವಳು. ತಮ್ಮನಿಗೆ 52 ವರ್ಷ. ಮೈಯಲ್ಲಿ ಎಚ್‌ಐವಿ ಉಂಟೆಂದು ತಿಳಿದು ಬಹುಕಾಲವಾದರೂ ಮಾತ್ರೆಯನ್ನು ಒಂದು ದಿನವೂ ತಪ್ಪಿಸದೆ ನುಂಗಿ, ರಕ್ತದಲ್ಲಿ ವೈರಸ್ಸಿನ ಸುಳಿವೇ ಸಿಗದಂತೆ ಬಾಳಿಕೊಂಡು ಬಂದವನು. ಇಬ್ಬರ ನಡುವೆ ಮೇಜಿನ ಮೇಲೆ ಎರಡು ಲೋಟ ಕಾಫಿಯೂ ಕ್ಲಿನಿಕ್ಕಿನಿಂದ ತಂದ ಒಂದು ಹಾಳೆಯೂ ಇದ್ದವು.

ಅಕ್ಕ: ಈ ವೃತ್ತವನ್ನು ಬರೆದವರು ಯಾರು?

ತಮ್ಮ: ಪರೀಕ್ಷೆ ಮಾಡಿದ ವೈದ್ಯೆಯೇ ಬರೆದುಕೊಟ್ಟರು. ಗುದದ್ವಾರವನ್ನು ಗಡಿಯಾರದ ಮುಖವೆಂದು ಭಾವಿಸಬೇಕಂತೆ. 7 ಗಂಟೆಯ ಕಡೆ ಒಂದು ಮಚ್ಚೆ, 11 ಗಂಟೆಯ ಕಡೆ ಇನ್ನೊಂದು. ಎರಡರಿಂದಲೂ ಅಕ್ಕಿಕಾಳಿಗಿಂತ ಕಿರಿದಾದ ಚೂರನ್ನು ಬಯಾಪ್ಸಿಗೆಂದು ಕಿತ್ತರು. ಎರಡರಲ್ಲಿಯೂ ‘ಹೈ ಗ್ರೇಡ್’ ಎಂದು ಉತ್ತರ ಬಂದಿದೆ. ಕ್ಯಾನ್ಸರ್ ಇಲ್ಲ, ಆದರೆ ಅದಕ್ಕೆ ಮೊದಲಿನ ಮೆಟ್ಟಿಲು ಎಂದರು.

ಅಕ್ಕ: ಪರದೆಯ ಮೇಲೆ ನಿನಗೂ ತೋರಿಸಿದರೆ?

ತಮ್ಮ: ತೋರಿಸಿದರು. ಅಸಿಟಿಕ್ ಆಮ್ಲದಲ್ಲಿ ಅದ್ದಿದ ಬಟ್ಟೆಯನ್ನು ಒಳಗಿರಿಸಿ ಒಂದೆರಡು ನಿಮಿಷ ಕಾದು ತೆಗೆದಾಗ, ಅದುವರೆಗೆ ಎಲ್ಲೆಡೆಯೂ ನಸುಗೆಂಪಾಗಿದ್ದ ಪೊರೆಯ ಮೇಲೆ ಹಾಲಿನ ಕೆನೆ ಕಟ್ಟಿದಂತೆ ಒಂದು ಬಿಳುಪು ನಿಧಾನವಾಗಿ ಮೂಡಿಬಂದು, ಅದರ ನಡುವೆ ಸೂಜಿಯ ಮೊನೆಯಷ್ಟಷ್ಟೆ ಕೆಂಪು ಚುಕ್ಕೆಗಳು ಕಾಣಿಸಿದವು. ಆಮೇಲೆ ಅಯೋಡಿನ್ ಸವರಿದರು. ಸುತ್ತಲ ಪೊರೆಯೆಲ್ಲ ಕಂದುಬಣ್ಣಕ್ಕೆ ತಿರುಗಿದರೂ ಆ ಎರಡು ತಾವು ಮಾತ್ರ ಬಣ್ಣ ಹಿಡಿಯದೆ ಹಳದಿಯಾಗಿ ಉಳಿದುಬಿಟ್ಟವು.

ಅಕ್ಕ: ಆ ಬಿಳುಪು ನನಗೆ ಹೊಸದಲ್ಲ. ಊರಿನ ಹೆಣ್ಣುಮಕ್ಕಳ ಗರ್ಭಕಂಠದಲ್ಲಿ ಅದನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಅಡಿಗೆಗೆ ಬಳಸುವ ವಿನಿಗರ್‌ನ ಹುಳಿಯೇ ಅದು. ನೂರಕ್ಕೆ ಐದು ಪಾಲು ಆಮ್ಲ, ಮಿಕ್ಕದ್ದು ನೀರು. ಎರಡು ಬಗೆಯ ಪೊರೆಗಳು ಒಂದನ್ನೊಂದು ಸಂಧಿಸುವ ಗಡಿ ಗರ್ಭಕಂಠದಲ್ಲಿ ಹೇಗೆ ಉಂಟೋ ಗುದನಾಳದಲ್ಲಿಯೂ ಹಾಗೆಯೇ ಉಂಟು. ಎಚ್‌ಪಿವಿ ಎಂಬ ವೈರಸ್ಸು, ಅದರಲ್ಲಿಯೂ ಅದರ 16ನೆಯ ಪ್ರಭೇದ, ತನ್ನ ಬಿಡಾರಕ್ಕೆ ಆರಿಸಿಕೊಳ್ಳುವುದು ಆ ಗಡಿಯ ಸೀಮೆಯನ್ನೇ. ಆದ್ದರಿಂದಲೇ ಗರ್ಭಕಂಠಕ್ಕಾಗಿ ಹುಟ್ಟಿದ ವಿದ್ಯೆಯನ್ನು, ಅದರ ಭೂತಗನ್ನಡಿ, ಆಮ್ಲ, ಅಯೋಡಿನ್ ಸಹಿತವಾಗಿ, ನಿನ್ನ ವೈದ್ಯರು ಇಲ್ಲಿಗೆ ತಂದುಕೊಂಡಿದ್ದಾರೆ. ಸರಿ, ಮುಂದೇನು ಮಾಡೋಣವೆಂದರು?

ತಮ್ಮ: ಎರಡು ದಾರಿ ಹೇಳಿದರು. ವಿದ್ಯುತ್ತಿನ ಕಡ್ಡಿಯಿಂದ ಅವನ್ನು ಸುಟ್ಟುಹಾಕುವುದು ಒಂದು. ಮುಟ್ಟದೆ ಬಿಟ್ಟು, ಆರಾರು ತಿಂಗಳಿಗೊಮ್ಮೆ ಹೀಗೆಯೇ ನೋಡುತ್ತಿರುವುದು ಇನ್ನೊಂದು. ಅವರ ಒಲವು ಮೊದಲನೆಯದರ ಕಡೆಗಿದೆ. ನನಗೆ ತೋರುವುದನ್ನು ಮಾತ್ರ ಮುಚ್ಚುಮರೆಯಿಲ್ಲದೆ ಹೇಳಿಬಿಡುತ್ತೇನೆ, ಅಕ್ಕ. ನನಗೆ ನೋವಿಲ್ಲ, ರಕ್ತವಿಲ್ಲ, ತುರಿಕೆಯೂ ಇಲ್ಲ. ಹೀಗೆ ನೆಮ್ಮದಿಯಾಗಿ ಕುಳಿತಿರುವವನನ್ನು, ಮುಂದೆಂದೋ ಬಂದೀತೆಂಬ, ಬಹುಶಃ ಬಾರದೆಯೇ ಹೋದೀತೆಂಬ ವ್ಯಾಧಿಯ ಹೆಸರಿನಲ್ಲಿ ಎಬ್ಬಿಸಿ, ದೇಹದಲ್ಲಿ ಎಲ್ಲಕ್ಕಿಂತ ಸೂಕ್ಷ್ಮವಾದ ತಾವಿನಲ್ಲಿ ಬರೆ ಹಾಕುವುದು ನ್ಯಾಯವೇ? ಸಿಡ್ನಿ ನಗರದಲ್ಲಿ 2010ರಿಂದ, 35 ವರ್ಷ ದಾಟಿದ ಆರು ನೂರಕ್ಕೂ ಹೆಚ್ಚು ಗಂಡಸರನ್ನು ಮೂರು ವರ್ಷಗಳ ಕಾಲ ಚಿಕಿತ್ಸೆಯಿಲ್ಲದೆ ನೋಡುತ್ತ ಹೋದರಂತೆ. ಅವರಲ್ಲಿ ಅನೇಕರ ಮಚ್ಚೆ ತಾನಾಗಿಯೇ ಮಾಯವಾಯಿತಂತೆ.

ಅಕ್ಕ: ಆ ಅಧ್ಯಯನವನ್ನು ನಾನೂ ಓದಿದ್ದೇನೆ. ಅದರಿಂದ ನಾನು ಕಲಿತ ಪಾಠ ದೊಡ್ಡದು: ‘ಹೈ ಗ್ರೇಡ್’ ಎಂಬ ಎರಡು ಮಾತು ಕೇಳಿದ ಮಾತ್ರಕ್ಕೆ ಕತ್ತಿಗೆ ಕೈಹಾಕಬಾರದೆಂಬುದು. ಆದರೆ ಅದೇ ಅಧ್ಯಯನದ ಇನ್ನೊಂದು ಮಾತನ್ನು ನೀನು ಬಿಟ್ಟೆ. ಯಾರಲ್ಲಿ 16ನೆಯ ಪ್ರಭೇದ ಬಿಡದೆ ಬೇರೂರಿತ್ತೋ, ಯಾರ ಕೋಶವಿಕಾರ ಹಳೆಯ ಎಣಿಕೆಯ ಮೂರನೆಯ ದರ್ಜೆಯದಾಗಿತ್ತೋ, ಅಂಥವರಲ್ಲಿ ಮಚ್ಚೆ ಮಾಯವಾದದ್ದು ಕಡಿಮೆ. ನಿನ್ನ ಹಾಳೆಯಲ್ಲಿ ಆ ಎರಡೂ ಬರೆದಿವೆ.

ತಮ್ಮ: ಈಗಲಾದರೂ ಎಚ್‌ಪಿವಿ ಲಸಿಕೆ ಹಾಕಿಸಿಕೊಂಡರೆ?

ಅಕ್ಕ: ಲಸಿಕೆ ಹೊಸದಾಗಿ ಬರುವವನಿಗೆ ಬಾಗಿಲು ಮುಚ್ಚೀತು, ಒಳಗೆ ಬಂದು ಕುಳಿತವನನ್ನು ಎಬ್ಬಿಸಲಾರದು. ನಮ್ಮ ಹುಡುಗಿಯರಿಗೂ ಹುಡುಗರಿಗೂ ಕಾಲದಲ್ಲಿ ಅದು ಸಿಕ್ಕಬೇಕೆಂಬುದು ಬೇರೆ ಮಾತು, ಬಹಳ ಮುಖ್ಯವಾದ ಮಾತು. ನಿನ್ನ ಈ ಎರಡು ಮಚ್ಚೆಗಳಿಗೆ ಅದು ಉತ್ತರವಲ್ಲ.

ತಮ್ಮ: ಹಾಗಾದರೆ ಉತ್ತರ ಎಲ್ಲಿದೆ?

ಅಕ್ಕ: ಬಹುಮಟ್ಟಿಗೆ ಈ ನಿನ್ನ ಊರಿನಲ್ಲಿಯೇ ಇದೆ. ಇಲ್ಲಿನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದ ಡಾಕ್ಟರ್ ಜೋಯೆಲ್ ಪ್ಯಾಲೆಫ್‌ಸ್ಕಿ ಎಂಬವರ ನೇತೃತ್ವದಲ್ಲಿ, ಈ ದೇಶದ 25 ಕಡೆಗಳಲ್ಲಿ ‘ಆ್ಯಂಕರ್’ ಎಂಬ ಹೆಸರಿನ ಪರೀಕ್ಷೆಯೊಂದು 2014ರಲ್ಲಿ ತೊಡಗಿತು. ಎಚ್‌ಐವಿ ಇದ್ದ, 35 ವರ್ಷ ತುಂಬಿದ ಹತ್ತು ಸಾವಿರಕ್ಕೂ ಹೆಚ್ಚು ಜನರನ್ನು ತಪಾಸಣೆ ಮಾಡಿದಾಗ ಗಂಡಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೂ, ಹೆಂಗಸರಲ್ಲಿ ನೂರಕ್ಕೆ ಸುಮಾರು 46 ಮಂದಿಗೂ ನಿನ್ನಂಥದೇ ಮಚ್ಚೆಗಳಿದ್ದವು. ನೀನೊಬ್ಬನೇ ಏನೋ ಅಪರಾಧ ಮಾಡಿದವನಂತೆ ತಲೆ ತಗ್ಗಿಸುವುದಕ್ಕೆ ಕಾರಣವಿಲ್ಲವೆಂಬುದನ್ನು ಇಷ್ಟರಿಂದಲೇ ತಿಳಿ. ಮಚ್ಚೆಯಿದ್ದವರಲ್ಲಿ 4,459 ಮಂದಿಯನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿಗೆ ಚಿಕಿತ್ಸೆ ಕೊಟ್ಟು, ಇನ್ನೊಂದು ಪಾಲನ್ನು ಎಚ್ಚರದಿಂದ ನೋಡುತ್ತ ಬಂದರು. ನೋಡುತ್ತಿದ್ದ ಪಾಲಿನಲ್ಲಿ 21 ಜನರಿಗೆ ಕ್ಯಾನ್ಸರ್ ಆಯಿತು. ಚಿಕಿತ್ಸೆಯ ಪಾಲಿನಲ್ಲಿ 9 ಜನರಿಗೆ. ಫಲ ಇಷ್ಟು ಸ್ಪಷ್ಟವಾದ ಮೇಲೆ ಮಿಕ್ಕವರನ್ನು ಕಾಯಿಸುವುದು ಧರ್ಮವಲ್ಲವೆಂದು 2021ರಲ್ಲಿ ಪರೀಕ್ಷೆಯನ್ನು ಅವಧಿಗೆ ಮುಂಚೆಯೇ ನಿಲ್ಲಿಸಿ, ಎಲ್ಲರಿಗೂ ಚಿಕಿತ್ಸೆಯ ಅವಕಾಶ ಕೊಟ್ಟರು. 2022ರ ಜೂನ್ ತಿಂಗಳಲ್ಲಿ ವರದಿ ಪ್ರಕಟವಾಯಿತು.

ತಮ್ಮ: ಆ ಸಂಖ್ಯೆಗಳನ್ನು ನಾನೂ ಗುಣಿಸಿ ಭಾಗಿಸಿ ನೋಡಿದೆ. ಬರಿದೆ ನೋಡುತ್ತಿದ್ದವರಲ್ಲಿ ಸಾವಿರ ಜನರಿಗೆ ವರ್ಷಕ್ಕೆ ನಾಲ್ವರು. ಚಿಕಿತ್ಸೆ ಪಡೆದವರಲ್ಲಿ ಇಬ್ಬರಿಗೂ ಕಡಿಮೆ. ಅಂದರೆ ಆ ನಾಲ್ವರನ್ನು ಬಿಟ್ಟು ಮಿಕ್ಕ 996 ಜನರು ಆ ವರ್ಷದಲ್ಲಿ ಸುಡಿಸಿಕೊಳ್ಳದೆಯೂ ಕ್ಷೇಮವಾಗಿದ್ದರು. ನಾನು ಆ 996ರಲ್ಲಿ ಒಬ್ಬನಾಗಿರಬಾರದೇಕೆ?

ಅಕ್ಕ: ಆಗಿರಬಹುದು, ಈ ವರ್ಷ ಆಗಿರುವ ಸಂಭವವೇ ಹೆಚ್ಚು. ನಿನ್ನನ್ನು ಹೆದರಿಸಿ ಒಪ್ಪಿಸುವ ಇಷ್ಟ ನನಗಿಲ್ಲ. ಪರೀಕ್ಷೆಯವರೂ ಅಪಾಯ ನೂರಕ್ಕೆ 57ರಷ್ಟು ತಗ್ಗಿತೆಂದು ಹೇಳಿ, ಅದರ ಬೆನ್ನಿಗೇ, ನಿಜವಾದ ಪ್ರಮಾಣ 6ರಿಂದ 80ರ ನಡುವೆ ಎಲ್ಲಿಯಾದರೂ ಇದ್ದೀತೆಂದು ಒಪ್ಪಿಕೊಂಡರು. ಅವರು ಜನರನ್ನು ಅನುಸರಿಸಿದ್ದು ಸರಾಸರಿ ಎರಡು ವರ್ಷಕ್ಕೆ ತುಸು ಮಿಗಿಲಷ್ಟೆ. ಆದರೆ ನೀನು ಬಾಳಬೇಕಾದದ್ದು ಒಂದು ವರ್ಷವೇ? ಅಮ್ಮನ ವಯಸ್ಸು ನಿನಗೆ ಬಂದರೆ ಇನ್ನೂ 30 ವರ್ಷ ಉಂಟು. ವರ್ಷಕ್ಕೆ ಸಾವಿರದಲ್ಲಿ ನಾಲ್ಕೆಂಬುದು ಚಿಕ್ಕದಾಗಿ ಕಾಣುವುದು, ಆ ಚೀಟಿಯನ್ನು ಒಂದೇ ಸಲ ಎತ್ತುವವನಿಗೆ. ಪ್ರತಿವರ್ಷವೂ ಎತ್ತಬೇಕಾದವನು ಅದನ್ನು ಬೇರೆ ರೀತಿಯಲ್ಲಿ ಎಣಿಸಬೇಕಾಗುತ್ತದೆ. ಇನ್ನೊಂದು ಮಾತು. ನಿನಗೆ ಎಚ್‌ಐವಿ ಇದೆಯೆಂದು ತಿಳಿದ ದಿವಸ ನಿನ್ನ ಸಿಡಿ4 ರಕ್ಷಣಾಕೋಶಗಳ ಎಣಿಕೆ ಎಷ್ಟಿತ್ತು?

ತಮ್ಮ: 140.

ಅಕ್ಕ: ಆಗ ಫೋನಿನಲ್ಲಿ ನೀನು ‘ಸ್ವಲ್ಪ ಕಡಿಮೆ’ ಎಂದಿದ್ದೆ. ಆ ಪರೀಕ್ಷೆಯವರು ಜನರನ್ನು ಪಾಲು ಮಾಡುವಾಗ, ಹಿಂದೆಂದಾದರೂ ಆ ಎಣಿಕೆ 200ಕ್ಕೆ ಇಳಿದಿತ್ತೇ ಎಂಬುದನ್ನು ಪ್ರತ್ಯೇಕವಾಗಿ ವಿಚಾರಿಸಿದರು. ಮಾತ್ರೆ ನಿನ್ನ ರಕ್ಷಣಾಶಕ್ತಿಯನ್ನು ಎತ್ತಿ ನಿಲ್ಲಿಸಿದೆ, ನಿಜ. ಆದರೆ ಕಾವಲುಗಾರನಿಲ್ಲದ ಆ ದಿನಗಳಲ್ಲಿ ಏನೇನು ಒಳಹೊಕ್ಕಿತೋ ಅದರ ನೆನಪು ದೇಹಕ್ಕೆ ಇರುತ್ತದೆ. ಮಚ್ಚೆಯ ವಿಸ್ತಾರವನ್ನೂ ಅವರು ಕೇಳಿದರು. ಸುತ್ತಿನ ಅರ್ಧಕ್ಕಿಂತ ಹೆಚ್ಚು ಹರಡಿದ್ದರೆ ಅಪಾಯ ಹೆಚ್ಚು. ಅಲ್ಲಿ ನಿನ್ನ ಅದೃಷ್ಟ ಚೆನ್ನಾಗಿದೆ, ಎರಡೂ ಚಿಕ್ಕವು.

ತಮ್ಮ: ಚಿಕ್ಕವಾದ್ದರಿಂದ ಕಾಯಬಹುದೆಂದು ನಾನು ಹೇಳುತ್ತೇನೆ.

ಅಕ್ಕ: ಚಿಕ್ಕವಾದ್ದರಿಂದ ಸುಲಭವಾಗಿ ತೆಗೆಯಬಹುದೆಂದು ನಾನು ಹೇಳುತ್ತೇನೆ. ಇರಲಿ; ಕಾಯುವುದೆಂದರೇನೆಂಬುದನ್ನು ಮೊದಲು ತಿಳಿಯೋಣ. ‘ನಿರೀಕ್ಷೆ’ ಎಂಬ ಮಾತನ್ನು ನಾವು ಬಸ್ಸಿಗಾಗಿ ಕಾದು ನಿಲ್ಲುವುದಕ್ಕೂ ಹೇಳುತ್ತೇವೆ, ಆದರೆ ಅದರ ಹೊಟ್ಟೆಯೊಳಗೆ ಈಕ್ಷಣವಿದೆ, ಕಣ್ಣಿಟ್ಟು ನೋಡುವುದೆಂಬ ಅರ್ಥವಿದೆ. ಆ ನೋಟ ಕಳಚಿಹೋದರೆ ಉಳಿಯುವುದು ಏನೆಂಬುದಕ್ಕೆ ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಹೆಂಗಸರ ಕಥೆಯನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿವರ್ಷವೂ ಹೇಳುತ್ತಿದ್ದೆ. ನಿನಗೂ ಹೇಳುತ್ತೇನೆ, ಕೇಳು. ಅಲ್ಲಿನ ನ್ಯಾಷನಲ್ ವಿಮೆನ್ಸ್ ಆಸ್ಪತ್ರೆಯಲ್ಲಿ ಹರ್ಬರ್ಟ್ ಗ್ರೀನ್ ಎಂಬ ಪ್ರಸೂತಿತಜ್ಞರು, ಗರ್ಭಕಂಠದ ಮೇಲ್ಪೊರೆಯಲ್ಲಿ ಕಾಣುವ ಈ ಬಗೆಯ ವಿಕಾರ ಕ್ಯಾನ್ಸರಿಗೆ ತಿರುಗುವುದಿಲ್ಲವೆಂದು ದೃಢವಾಗಿ ನಂಬಿದ್ದರು. ಹೆಂಗಸರನ್ನು ಅನಾವಶ್ಯಕವಾದ ಶಸ್ತ್ರಕ್ರಿಯೆಯಿಂದ ಉಳಿಸಬೇಕೆಂಬುದು ಅವರ ಮಾತಾಗಿತ್ತು. ಆ ಕಾಲದಲ್ಲಿ ಗರ್ಭಕೋಶವನ್ನೇ ತೆಗೆದುಬಿಡುವ ವಾಡಿಕೆ ಬಲವಾಗಿದ್ದುದರಿಂದ ಆ ಮಾತಿನಲ್ಲಿ ಕರುಣೆಯೂ ಇರಲಿಲ್ಲವೆನ್ನಲಾರೆ. 1966ರಿಂದ ಆಸ್ಪತ್ರೆಯ ಒಪ್ಪಿಗೆ ಪಡೆದು, ರೋಗವನ್ನು ಪೂರ್ತಿಯಾಗಿ ತೆಗೆಯದೆ ಸುಮ್ಮನೆ ನೋಡುತ್ತ ಹೋದರು. ಹೆಂಗಸರು ವರ್ಷಗಟ್ಟಲೆ ಬಂದರು, ಹೋದರು, ಪರೀಕ್ಷೆಗೆ ಮಲಗಿದರು. ತಮ್ಮ ಮೇಲೆ ಒಂದು ಊಹೆಯ ಪರೀಕ್ಷೆ ನಡೆಯುತ್ತಿದೆಯೆಂದು ಅವರಿಗೆ ಯಾರೂ ಹೇಳಲಿಲ್ಲ. ಅದೇ ಆಸ್ಪತ್ರೆಯ ಮೆಕಿಂಡೊ ಎಂಬ ವೈದ್ಯರೂ ಮೆಕ್ಲೀನ್ ಎಂಬ ರೋಗಶಾಸ್ತ್ರಜ್ಞರೂ ಆಕ್ಷೇಪಿಸಿದರೂ ಕಿವಿಗೊಟ್ಟವರಿಲ್ಲ. ಅವರು 1984ರಲ್ಲಿ ಲೆಕ್ಕವನ್ನು ಪ್ರಕಟಿಸಿದರು; 1987ರಲ್ಲಿ ಸಾಂಡ್ರಾ ಕೋನಿ, ಫಿಲಿಡಾ ಬಂಕಲ್ ಎಂಬ ಇಬ್ಬರು ಹೆಂಗಸರು ಒಂದು ಮಾಸಪತ್ರಿಕೆಯಲ್ಲಿ ಅದನ್ನು ಬರೆದ ಮೇಲೆ ನಾಡಿಗೆ ನಾಡೇ ಎದ್ದು ಕುಳಿತಿತು; ಸಿಲ್ವಿಯಾ ಕಾರ್ಟ್‌ರೈಟ್ ಎಂಬ ನ್ಯಾಯಾಧೀಶೆಯ ವಿಚಾರಣೆ ನಡೆದು 1988ರಲ್ಲಿ ವರದಿ ಬಂತು. ಬಹುಕಾಲದ ಮೇಲೆ, 2008ರಲ್ಲಿ, ಆ ಹೆಂಗಸರ ಕಡತಗಳನ್ನು ಮತ್ತೆ ತೆಗೆದು ಎಣಿಸಿದಾಗ, ತಕ್ಕ ಚಿಕಿತ್ಸೆ ಸಿಕ್ಕದವರಲ್ಲಿ 30 ವರ್ಷಗಳೊಳಗೆ ನೂರಕ್ಕೆ 31 ಮಂದಿಗೆ ಕ್ಯಾನ್ಸರ್ ಆಗಿತ್ತು. ಮೊದಲೇ ಸರಿಯಾಗಿ ಚಿಕಿತ್ಸೆಯಾದವರಲ್ಲಿ ನೂರಕ್ಕೆ ಒಬ್ಬರಿಗೂ ಆಗಿರಲಿಲ್ಲ.

ತಮ್ಮ: ಅದು ಗರ್ಭಕಂಠದ ಮಾತು. ಗುದನಾಳದ ಮಚ್ಚೆ ಅಷ್ಟು ವೇಗವಾಗಿ ಓಡುವುದಿಲ್ಲವೆಂದು ನೀನೇ ಈಗ ಹೇಳಿದ ಸಂಖ್ಯೆಗಳು ತೋರಿಸುತ್ತವೆ.

ಅಕ್ಕ: ಒಪ್ಪಿದೆ, ಆ ನೂರಕ್ಕೆ 31ನ್ನು ನಿನ್ನ ತಲೆಯ ಮೇಲೆ ಹೊರಿಸುವುದಿಲ್ಲ. ನಾನು ಆ ಕಥೆಯನ್ನು ಹೇಳಿದ್ದು ಅಲ್ಲಿ ಕಾಯ್ದವರ ಮನಸ್ಸಿಗಾಗಿ. ತಾವು ನೋಡಬೇಕೆಂದುಕೊಂಡದ್ದನ್ನೇ ಅವರು ನೋಡಿದರು. ಬಿಳುಪು ದಪ್ಪವಾದರೂ, ಬಯಾಪ್ಸಿಯ ಉತ್ತರ ಕೆಟ್ಟರೂ, ನಂಬಿಕೆ ಮಾತ್ರ ಕದಲಲಿಲ್ಲ. ‘ಆ್ಯಂಕರ್’ ಪರೀಕ್ಷೆಯಲ್ಲಿ ಕಾದ ಪಾಲಿನವರು ಎಲ್ಲವನ್ನೂ ತಿಳಿದು, ತಾವಾಗಿ ರುಜು ಹಾಕಿ ಕಾದರು. ಆರು ತಿಂಗಳಿಗೊಮ್ಮೆ ಭೂತಗನ್ನಡಿಯಡಿಯಲ್ಲಿ ನೋಡುವುದು ಅವರಿಗೆ ತಪ್ಪಲಿಲ್ಲ. ಆ ಬಗೆಯ ಕಾಯುವಿಕೆಗೆ ನಾನು ಕೈಮುಗಿಯುತ್ತೇನೆ. ನೀನು ಎಣಿಸಿರುವ ಕಾಯುವಿಕೆ ಯಾವುದೆಂದು ತಿಳಿಸು.

ತಮ್ಮ: ಎರಡು ವರ್ಷದ ಮೇಲೆ ಮೈಸೂರಿಗೆ ಬಂದು ನಿಮ್ಮೊಡನೆ ಇರಬೇಕೆಂದು ನನಗೆ ಆಸೆ. ಅದನ್ನು ನೀನು ಬಲ್ಲೆ.

ಅಕ್ಕ: ಬಲ್ಲೆ, ನನ್ನ ಯೋಚನೆಯ ಮೂಲವೂ ಅಲ್ಲಿಯೇ ಇದೆ. ಊರಿನಲ್ಲಿ ಗರ್ಭಕಂಠವನ್ನು ಹೀಗೆ ನೋಡಬಲ್ಲವರು ಜಿಲ್ಲೆಗೆ ಒಬ್ಬಿಬ್ಬರಾದರೂ ಸಿಕ್ಕಾರು. ಗುದನಾಳವನ್ನು ಈ ಭೂತಗನ್ನಡಿಯಿಂದ ನೋಡಿ ಬಿಳುಪಿಗೂ ಬಿಳುಪಿಗೂ ಇರುವ ಭೇದವನ್ನು ಗುರುತಿಸಲು ಕಲಿತವರು ಬಹಳ ವಿರಳ. ಅದು ಪುಸ್ತಕದಿಂದ ಬರುವ ವಿದ್ಯೆಯಲ್ಲ; ನೂರಾರು ಜನರನ್ನು ನೋಡಿದ ಮೇಲೆ ಕಣ್ಣಿಗೆ ಹತ್ತುವಂಥದು. ಆ ಸೌಲಭ್ಯವಿಲ್ಲದ ಊರುಗಳಲ್ಲಿ ಬೆರಳಿಟ್ಟು ತಡವಿ ನೋಡುವ ಪರೀಕ್ಷೆಯನ್ನಾದರೂ ಬಿಡಬಾರದೆಂದು 2024ರ ಅಂತರರಾಷ್ಟ್ರೀಯ ಸೂಚನೆಗಳು ಹೇಳಿವೆ, ಒಳ್ಳೆಯ ಮಾತು. ಆದರೆ ಬೆರಳಿಗೆ ಸಿಕ್ಕುವುದು ಗಂಟು ಕಟ್ಟಿದ ಮೇಲೆ. ಈ ಮಟ್ಟಸವಾದ ಬಿಳುಪು ಬೆರಳಿಗೆ ಸಿಕ್ಕದು. ಇಲ್ಲಿ ಕುಳಿತು ಕಾಯುವೆನೆಂದು ನೀನು ಹೇಳಿದರೆ ಅದಕ್ಕೊಂದು ಅರ್ಥವಿದೆ. ಅಲ್ಲಿಗೆ ಬಂದ ಮೇಲೆ ನಿನ್ನ ಪರವಾಗಿ ನೋಡುವವರು ಯಾರು?

ತಮ್ಮ: ಚಿಕಿತ್ಸೆಯಾದರೂ ಮತ್ತೆ ಮರುಕಳಿಸುತ್ತದಂತಲ್ಲ! ಆಗಲೂ ನೋಡುವವರು ಬೇಕೇ ಬೇಕು.

ಅಕ್ಕ: ಬೇಕು. ಮರುಕಳಿಸುವುದು ಸಾಮಾನ್ಯ, ಒಂದು ತಾವನ್ನು ಸುಟ್ಟರೆ ಪಕ್ಕದ ತಾವಿನಲ್ಲಿ ಹೊಸದೊಂದು ಎದ್ದೀತು. ಚಿಕಿತ್ಸೆ ಪಡೆದ ಪಾಲಿನಲ್ಲಿಯೂ 9 ಜನರಿಗೆ ಕ್ಯಾನ್ಸರ್ ಆಯಿತೆಂಬುದನ್ನು ನಾನು ಮರೆತಿಲ್ಲ. ಆದ್ದರಿಂದ ಈ ಎರಡು ವರ್ಷಗಳನ್ನು, ಬಲ್ಲವರ ಕೈ ಹತ್ತಿರವಿರುವಾಗ, ತೆಗೆಯುವುದಕ್ಕೂ ಮರುಕಳಿಸಿದ್ದನ್ನು ಮತ್ತೆ ತೆಗೆಯುವುದಕ್ಕೂ ಬಳಸಿಕೊ ಎನ್ನುತ್ತೇನೆ. ಹೊರೆಯನ್ನು ಇಲ್ಲಿಯೇ ಇಳಿಸಿ ಬಾ.

ತಮ್ಮ: ಸುಡುವುದರಿಂದ ಆ ಸ್ನಾಯುವಿಗೆ ಏನಾದರೂ ಆಗಿ, ಹಿಡಿತ ತಪ್ಪಿಹೋದರೆ? ನನ್ನ ಭಯವೆಲ್ಲ ಅದೊಂದೇ.

ಅಕ್ಕ: ಆ ಭಯ ಆಧಾರವಿಲ್ಲದ್ದಲ್ಲ. ಹಿಂದೆ, ಎಲ್ಲಿ ಏನಿದೆಯೆಂದು ಸ್ಪಷ್ಟವಾಗಿ ಕಾಣದ ಕಾಲದಲ್ಲಿ, ಶಸ್ತ್ರವೈದ್ಯರು ಅಗಲವಾಗಿ ಕತ್ತರಿಸಿ ತೆಗೆದು, ದ್ವಾರ ಸಂಕುಚಿತವಾದವರೂ ಹಿಡಿತ ತಪ್ಪಿದವರೂ ಇದ್ದರು. ಈಗ ಮಾಡುವುದು ಮಚ್ಚೆಯ ಮೇಲಷ್ಟೆ, ಮೇಲ್ಪೊರೆಯ ಆಳಕ್ಕಷ್ಟೆ. ಎರಡು ಸಾವಿರಕ್ಕೂ ಮಿಗಿಲಾದ ಜನರಿಗೆ ಚಿಕಿತ್ಸೆ ಮಾಡಿದ ಆ ಪರೀಕ್ಷೆಯಲ್ಲಿ, ಚಿಕಿತ್ಸೆಯಿಂದಲೇ ಆದ ಗಂಭೀರ ತೊಂದರೆ ಏಳೇ ಏಳು. ನೋವು ಮಾತ್ರ ಉಂಟು. ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಮಲವಿಸರ್ಜನೆಯ ಹೊತ್ತಿನಲ್ಲಿ ಒಂದೆರಡು ವಾರ ಉರಿ, ಅಲ್ಪಸ್ವಲ್ಪ ರಕ್ತ. ಒಂದು ವಿಚಾರ ನೆನಪಾಗುತ್ತದೆ, ಹೇಳುತ್ತೇನೆ. ಸುಶ್ರುತಸಂಹಿತೆಯಲ್ಲಿ ಅರ್ಶಸ್ಸಿಗೆ ನಾಲ್ಕು ಉಪಾಯಗಳನ್ನು ಹೇಳಿದೆ: ಭೇಷಜ, ಕ್ಷಾರ, ಅಗ್ನಿ, ಶಸ್ತ್ರ. ಅದು ಮೂಲವ್ಯಾಧಿಯ ವಿಷಯ, ಇದಲ್ಲ. ಆದರೂ ನಿನ್ನ ವೈದ್ಯರ ಮುಂದಿರುವ ಉಪಾಯಗಳನ್ನು ಸಾಲಾಗಿ ನಿಲ್ಲಿಸಿ ನೋಡು. ಫ್ಲೋರೊಯುರಾಸಿಲ್, ಇಮಿಕ್ವಿಮಾಡ್ ಎಂಬ ಲೇಪಗಳು ಭೇಷಜ, ಕೆಲವರು ಹಚ್ಚುವ ಟ್ರೈಕ್ಲೋರೊಅಸಿಟಿಕ್ ಆಮ್ಲ ಆ ಕ್ಷಾರದಂತೆಯೇ ಪೊರೆಯನ್ನು ತಿಂದುಹಾಕುವ ದ್ರವ್ಯ, ವಿದ್ಯುತ್ತಿನ ಕಡ್ಡಿಯೂ ಅತಿರಕ್ತ ಕಿರಣವೂ ಅಗ್ನಿ, ಕೊನೆಯಲ್ಲಿ ಶಸ್ತ್ರ. ಅಂದಿನವರಿಗೆ ಇಲ್ಲದಿದ್ದದ್ದು ಈ ಕಣ್ಣು: ಎಲ್ಲಿ ನಿಲ್ಲಿಸಬೇಕೆಂದು ಹೇಳುವ, ಆಮ್ಲದಿಂದ ಬಿಳುಪೇರಿದ ಗಡಿಯನ್ನು ತೋರಿಸುವ ಕಣ್ಣು.

ತಮ್ಮ: ಕಾದು, ಅದು ಕ್ಯಾನ್ಸರೇ ಆದರೂ ಈಗ ಗುಣಪಡಿಸುತ್ತಾರಂತಲ್ಲವೆ?

ಅಕ್ಕ: ಅನೇಕರಿಗೆ ಗುಣವಾಗುತ್ತದೆ. 1974ರಲ್ಲಿ ಡೆಟ್ರಾಯಿಟ್ ನಗರದ ನಾರ್ಮನ್ ನಿಗ್ರೊ ಎಂಬ ಶಸ್ತ್ರವೈದ್ಯರು ಔಷಧವನ್ನೂ ವಿಕಿರಣವನ್ನೂ ಜೊತೆಗೂಡಿಸಿ ತೋರಿಸುವವರೆಗೆ, ಗುದವನ್ನೇ ತೆಗೆದು ಹೊಟ್ಟೆಯ ಮೇಲೆ ಮಲದ ಚೀಲ ಕಟ್ಟಿಕೊಂಡು ಬಾಳುವುದೇ ಹಣೆಬರಹವಾಗಿತ್ತು. ಈಗ ಹಾಗಿಲ್ಲ, ಆದರೆ ಐದಾರು ವಾರ ವಿಕಿರಣ ಪಡೆದ ಚರ್ಮವನ್ನು ನಾನು ಹತ್ತಿರದಿಂದ ಕಂಡಿದ್ದೇನೆ. ಒಂದೆರಡು ವಾರದ ಉರಿಯನ್ನು ಅದರೊಡನೆ ತೂಗಿನೋಡಲು ನನಗೆ ಮನಸ್ಸು ಬಾರದು.

ತಮ್ಮ: . . .

ಅಕ್ಕ: ಸುಮ್ಮನಾದೆಯಲ್ಲ. ಒಂದು ಮಾತು ಕೇಳಲೇ? ಈ ಮಚ್ಚೆ ನಿನ್ನ ತೋಳಿನ ಮೇಲೆ ಇದ್ದಿದ್ದರೆ ಕಾಯುತ್ತಿದ್ದೆಯಾ?

ತಮ್ಮ: ಇಲ್ಲ. ಮರುದಿನವೇ ತೆಗೆಸುತ್ತಿದ್ದೆ.

ಅಕ್ಕ: ಹಾಗಾದರೆ ನೀನು ಇದುವರೆಗೆ ಆಡಿದ ಮಾತುಗಳಲ್ಲಿ ಕೆಲವು ಲೆಕ್ಕದ ಮಾತು, ಕೆಲವು ನಾಚಿಕೆಯ ಮಾತು. ಲೆಕ್ಕದ ಮಾತಿಗೆ ನಾನು ಉತ್ತರ ಹೇಳಬಲ್ಲೆ, ಸೋಲಲೂ ಬಲ್ಲೆ. ನಮ್ಮಲ್ಲಿ ಆ ಭಾಗಕ್ಕೆ ನಾಲ್ವರ ಮುಂದೆ ಆಡುವಂಥ ಹೆಸರೇ ಇಲ್ಲ. ‘ಕೂರುವ ಜಾಗ’ ಎನ್ನುತ್ತಾರೆ, ‘ಹಿಂದುಗಡೆ’ ಎನ್ನುತ್ತಾರೆ, ರಕ್ತ ಬಿದ್ದರೆ ನೋಡದೆಯೇ ಮೂಲವ್ಯಾಧಿಯೆಂದು ಔಷಧಿ ಅಂಗಡಿಯಿಂದ ಮುಲಾಮು ತರಿಸುತ್ತಾರೆ. ನನ್ನ ಬಳಿ ಬಂದ ಒಬ್ಬ ಹೆಂಗಸು, ನಾಲ್ಕು ಮಕ್ಕಳ ತಾಯಿ, ಹಾಗೆ ಮುಲಾಮು ಹಚ್ಚಿಕೊಂಡೇ ಒಂದೂವರೆ ವರ್ಷ ಕಳೆದಿದ್ದಳು. ಗರ್ಭಕಂಠದಲ್ಲಿ ಇದೇ ವಿಕಾರವಾಗಿ ಹಿಂದೆ ಚಿಕಿತ್ಸೆ ಪಡೆದವಳು, ಅಂಥವರಿಗೆ ಗುದದಲ್ಲಿಯೂ ಅಪಾಯ ಹೆಚ್ಚೆಂದು ಬಲ್ಲ ನಾನಾದರೂ ಮೊದಲೇ ಬೆರಳಿಟ್ಟು ನೋಡಬೇಕಾಗಿತ್ತು. ನೋಡಲಿಲ್ಲ. ಆಕೆ ಹೇಳಲು ನಾಚಿದಳು, ನಾನು ಕೇಳಲು ನಾಚಿದೆ. ಆ ತಪ್ಪನ್ನು ಹೊತ್ತುಕೊಂಡೇ ನಾನು ಈ ಮೇಜಿಗೆ ಬಂದು ಕುಳಿತಿದ್ದೇನೆ.

ತಮ್ಮ: ನನ್ನ ನಾಚಿಕೆ ಇನ್ನೂ ಒಂದು ಸುತ್ತು ಹೆಚ್ಚಿನದು, ಅಕ್ಕ. ಇದು ಹೇಗೆ ಬಂತೆಂದು ಜನ ಕೇಳುವ ಮುಂಚೆಯೇ ಊಹಿಸಿಬಿಡುತ್ತಾರೆ. ಅಮ್ಮನೂ ಊಹಿಸುತ್ತಾಳೆ.

ಅಕ್ಕ: ಅಮ್ಮ ಊಹಿಸಿ ಎಷ್ಟು ಕಾಲವಾಯಿತೋ ನಿನಗೆ ತಿಳಿಯದು. ನೀನು ಮದುವೆ ಬೇಡವೆಂದು ಕಾಗದ ಬರೆದ ವರ್ಷ, ಅದನ್ನು ಓದಿ ಮಡಿಸಿಟ್ಟು, ‘ಅವನ ಜೊತೆಗೆ ಅಲ್ಲಿ ಯಾರಾದರೂ ಇದ್ದರೆ ಸಾಕು’ ಎಂದಳು. ಆ ಮೇಲೆ ಆ ವಿಷಯವನ್ನು ಎತ್ತಲಿಲ್ಲ.

ತಮ್ಮ: ಇದನ್ನು ನೀನು ನನಗೆ ಇಷ್ಟು ದಿನ ಹೇಳಲಿಲ್ಲ.

ಅಕ್ಕ: ಹೇಳಬೇಕಾಗಿತ್ತು. . . . ಕಾಫಿ ಆರಿಹೋಯಿತು, ಬಿಸಿ ಮಾಡುತ್ತೇನೆ. ನೋಡು, ನಿರ್ಧಾರ ನಿನ್ನದೇ. ಎಲ್ಲವನ್ನೂ ಕೇಳಿ ತಿಳಿದು, ‘ನಾನು ಕಾಯುತ್ತೇನೆ, ಆರು ತಿಂಗಳಿಗೊಮ್ಮೆ ತಪ್ಪದೆ ಹೋಗುತ್ತೇನೆ’ ಎಂದು ನೀನು ಹೇಳಿದರೆ ಆ ತಾರೀಖುಗಳನ್ನು ನನ್ನ ಪಂಚಾಂಗದಲ್ಲಿಯೂ ಗುರುತು ಹಾಕಿಕೊಳ್ಳುತ್ತೇನೆ. ನನ್ನ ಅಭಿಪ್ರಾಯ ಕೇಳಿದರೆ, ತೆಗೆಸು.

ತಮ್ಮ: ಮೊದಲು 7 ಗಂಟೆಯ ಕಡೆಯದನ್ನು, ಅದು ಆರಿದ ಮೇಲೆ 11ರದನ್ನು ಮಾಡಬಹುದೆಂದರು. ಎರಡನ್ನೂ ಒಟ್ಟಿಗೆ ಬೇಡವೆಂದು ನಾನು ಕೇಳಿಕೊಳ್ಳುತ್ತೇನೆ.

ಅಕ್ಕ: ಕೇಳಿಕೊ. ಮರಗಟ್ಟಿಸುವ ಸೂಜಿ ಯಾವುದು, ಎಷ್ಟು ಹೊತ್ತು ಇರುತ್ತದೆ ಎಂಬುದನ್ನೂ ಕೇಳು. ಮನೆಗೆ ಬಂದ ಮೇಲೆ ದಿನಕ್ಕೆ ಮೂರು ಸಲ ಉಗುರುಬೆಚ್ಚನೆಯ ನೀರಿನಲ್ಲಿ ಕೂರಬೇಕು. ಈ ಮನೆಯಲ್ಲಿ ಅದಕ್ಕೆ ತಕ್ಕ ಟಬ್ಬು ಉಂಟೇ?

ತಮ್ಮ: ಇಲ್ಲ, ತರುತ್ತೇನೆ. ಬೆಳಿಗ್ಗೆ ಕ್ಲಿನಿಕ್ಕಿಗೆ ಫೋನು ಮಾಡುತ್ತೇನೆ. ಆ ದಿವಸ ನೀನೂ ಒಳಗೆ ಬರುತ್ತೀಯಾ?

ಅಕ್ಕ: ನಿನಗೆ ಸಂಕೋಚವಾದೀತು. ಹೊರಗಡೆ ಬೆಂಚಿನ ಮೇಲೆ ಕುಳಿತಿರುತ್ತೇನೆ.

ತಮ್ಮ: ಬೇಡ, ಒಳಗೇ ಬಾ. ಆ ಬಿಳುಪನ್ನು ಅವರು ಪರದೆಯ ಮೇಲೆ ತೋರಿಸುವಾಗ ನೀನೂ ನೋಡಬೇಕು.